ಆರು ಷಿಲಿಂಗಿನ ಪ್ರಶ್ನೆ

2020ನೆಯ ಇಸವಿ ಆಗಸ್ಟ್ 2, ಭಾನುವಾರ. ಇಂಗ್ಲೆಂಡಿನ ಲೀಡ್ಸ್ ನಗರದ ಹೆಡಿಂಗ್ಲಿಯಲ್ಲಿ ಅಂದು ಎರಡು ಪಂದ್ಯಗಳು ನಡೆದವು. ಹೆಡಿಂಗ್ಲಿ ಎಂದೊಡನೆ ನಮ್ಮ ಕ್ರಿಕೆಟ್ ಪ್ರಿಯರ ಕಿವಿ ನಿಮಿರುವುದು ಸಹಜ. ಆದರೆ ಆ ಕ್ರಿಕೆಟ್ ಅಂಗಣದ ಬೆನ್ನಿಗೆ ಬೆನ್ನು ಕೊಟ್ಟುಕೊಂಡು ಅಲ್ಲಿ ಇನ್ನೊಂದು ಅಂಗಣವಿದೆ. ಅದು ರಗ್ಬಿ ಲೀಗ್ ಎಂಬ ಆಟದ ಮನೆ. ಅಂದಿನ ಎರಡನೆಯ ಪಂದ್ಯದಲ್ಲಿ ಲೀಡ್ಸ್ ತಂಡ ಹಡರ್ಸ್‌ಫೀಲ್ಡ್ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ 27–26ರಿಂದ ಸೋಲಿಸಿತು. ಒಂದೇ ಒಂದು ಅಂಕದ ಗೆಲುವು. ಇನ್ನಾವ ವರ್ಷವಾಗಿದ್ದರೂ ಸಾವಿರಾರು ಕಂಠಗಳು ಆ ಗಳಿಗೆಯಲ್ಲಿ ಬಿರಿಯುತ್ತಿದ್ದವು. ಅಂದು ಕೇಳಿಸಿದ್ದು ಆಟಗಾರರ ಕೂಗು, ಚೆಂಡಿಗೆ ಕಾಲು ತಾಗಿದ ಸದ್ದು, ಇಷ್ಟೇ. ನಾಲ್ಕೂವರೆ ತಿಂಗಳು ನಿಂತುಹೋಗಿದ್ದ ಆಟ ಮತ್ತೆ ಆರಂಭವಾಗಿತ್ತು. ಆದರೆ ಟಿಕೇಟು ಕೊಂಡು ಒಳಗೆ ಬಂದವನು ಒಬ್ಬನೂ ಇರಲಿಲ್ಲ. ಆ ಖಾಲಿ ಕುರ್ಚಿಗಳ ಸಾಲನ್ನು ದೂರದರ್ಶನದ ತೆರೆಯ ಮೇಲೆ ಕಂಡವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳದೆ ಇರಲಿಲ್ಲ. ಈ ಆಟಗಾರರಿಗೆ ಸಂಬಳ ಕೊಡುವವರು ಯಾರು?

ಈ ಪ್ರಶ್ನೆ ಹೊಸತಲ್ಲ. ನಿಜ ಹೇಳಬೇಕೆಂದರೆ ರಗ್ಬಿ ಲೀಗ್ ಎಂಬ ಆಟ ಹುಟ್ಟಿದ್ದೇ ಈ ಪ್ರಶ್ನೆಯಿಂದ. ಆದ್ದರಿಂದಲೇ ಆಪತ್ಕಾಲದಲ್ಲಿ ಅದರ ಕ್ಲಬ್ಬುಗಳು ಬದುಕಿ ಉಳಿದ ಕಥೆಯನ್ನೂ, ಉಳಿಯದೆ ಹೋದ ಕಥೆಯನ್ನೂ ಇಂದು ತಮ್ಮ ಮುಂದಿಡಬೇಕೆಂದು ನನಗೆ ತೋರಿತು. ಇದು ಕ್ರೀಡಾಪಟುಗಳಿಗೆ ಮಾತ್ರ ಸಂಬಂಧಿಸಿದ ಕಥೆಯಲ್ಲ. ಒಂದು ಊರು ತನ್ನದೆಂದು ನಂಬಿಕೊಂಡು ಬಂದ ಸಂಸ್ಥೆಯನ್ನು ಹಣದ ಮುಗ್ಗಟ್ಟಿನ ಹೊತ್ತಿನಲ್ಲಿ ಹೇಗೆ ಕಾಪಾಡಿಕೊಳ್ಳುತ್ತದೆ, ಕಾಪಾಡುವ ಹಕ್ಕೂ ಹೊಣೆಯೂ ಯಾರದು ಎಂಬ ವಿಚಾರ ಇದರಲ್ಲಿ ಅಡಗಿದೆ.

ಆಟದ ಪರಿಚಯ ಎರಡು ಮಾತಿನಲ್ಲಿ ಆಗಬೇಕು. ತತ್ತಿಯಾಕಾರದ ಚೆಂಡು, ಪಕ್ಷಕ್ಕೆ ಹದಿಮೂರು ಜನ. ಚೆಂಡನ್ನು ಅಪ್ಪಿ ಹಿಡಿದು ಎದುರಾಳಿಯ ಗಡಿರೇಖೆಯಾಚೆ ನೆಲಕ್ಕೆ ಮುಟ್ಟಿಸುವುದು ಗುರಿ. ಎದುರಾಳಿಗಳು ಕಬಡ್ಡಿಯಲ್ಲಿ ಹಿಡಿದ ಹಾಗೆ ಅವನನ್ನು ಹಿಡಿದು ಕೆಡಹುತ್ತಾರೆ. ಆರು ಸಲ ಹಿಡಿಸಿಕೊಂಡರೆ ಚೆಂಡು ಎದುರು ಪಕ್ಷದ ಪಾಲು. ನೋಡಲು ಒರಟು, ಆದರೆ ವೇಗ, ಲೆಕ್ಕಾಚಾರ, ಧೈರ್ಯ ಮೂರೂ ಬೇಕಾದ ಆಟ. ಉತ್ತರ ಇಂಗ್ಲೆಂಡಿನ ಗಣಿ ಊರುಗಳಲ್ಲಿ, ಬಟ್ಟೆ ಗಿರಣಿಯ ಪಟ್ಟಣಗಳಲ್ಲಿ, ಹಡಗುಕಟ್ಟೆಗಳಲ್ಲಿ ಬೆಳೆದ ಆಟ. ಅಲ್ಲಿಂದ ಆಸ್ಟ್ರೇಲಿಯಕ್ಕೂ ನ್ಯೂಜಿಲೆಂಡಿಗೂ ಹೋಗಿ ಬೇರೂರಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ರಗ್ಬಿ ಒಂದೇ ಆಗಿತ್ತು. ಅದರ ಅಧಿಕಾರ ಲಂಡನ್ನಿನ ಸಂಭಾವಿತರ ಕೈಯಲ್ಲಿತ್ತು. ಆಟ ಆಡುವುದು ಗೌರವಕ್ಕೆ, ಹಣಕ್ಕಲ್ಲ ಎಂಬುದು ಅವರ ಸಿದ್ಧಾಂತ. ಉಂಡುಟ್ಟು ಉಳಿದವರಿಗೆ ಈ ಸಿದ್ಧಾಂತ ಭಾರವಾಗಲಿಲ್ಲ. ಆದರೆ ಯಾರ್ಕ್‌ಷೈರ್, ಲ್ಯಾಂಕಷೈರ್ ಸೀಮೆಗಳ ಆಟಗಾರ ಗಿರಣಿಯಲ್ಲಿ ದುಡಿಯುವವನು, ಗಣಿಗೆ ಇಳಿಯುವವನು. ಶನಿವಾರವೂ ಅವನಿಗೆ ಅರ್ಧ ದಿನ ಕೆಲಸ. ದೂರದ ಊರಿಗೆ ಪಂದ್ಯಕ್ಕೆ ಹೊರಟರೆ ಆ ಹೊತ್ತಿನ ಕೂಲಿ ಹೋಯಿತು. ಹಾಗೆ ಹೋದ ಕೂಲಿಯನ್ನು ಕ್ಲಬ್ಬು ತುಂಬಿಕೊಡಲಿ ಎಂದು ಉತ್ತರದವರು 1893ರಲ್ಲಿ ಲಂಡನ್ನಿನ ಸಭೆಯ ಮುಂದೆ ಕೇಳಿದರು. ಸಭೆ 282 ಮತಗಳಿಂದ ಅದನ್ನು ತಳ್ಳಿಹಾಕಿತು. ಪರವಾಗಿ ಬಿದ್ದವು 136. ಎರಡು ವರ್ಷದ ತರುವಾಯ, 1895ರ ಆಗಸ್ಟ್ 29ರಂದು, ಉತ್ತರದ ಕ್ಲಬ್ಬುಗಳ ಪ್ರತಿನಿಧಿಗಳು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಕಲೆತು ತಮ್ಮದೇ ಒಕ್ಕೂಟ ಕಟ್ಟಿಕೊಂಡರು. ಕೆಲಸ ಬಿಟ್ಟು ಬಂದ ಆಟಗಾರನಿಗೆ ದಿನವೊಂದಕ್ಕೆ ಆರು ಷಿಲಿಂಗು ಮೀರದಂತೆ ನಷ್ಟ ತುಂಬಿಕೊಡುವುದು ಎಂದು ಗೊತ್ತುಮಾಡಿದರು. ಆ ಒಕ್ಕೂಟವೇ 1922ರಲ್ಲಿ ರಗ್ಬಿ ಫುಟ್‌ಬಾಲ್ ಲೀಗ್ ಎಂಬ ಹೆಸರು ತಳೆಯಿತು.

ಒಂದು ಆಟದ ಹುಟ್ಟಿಗೆ ಕಾರಣ ಆರು ಷಿಲಿಂಗು! ಹೇಳಿದರೆ ಅಲ್ಪವೆನಿಸಬಹುದು. ಆದರೆ ಅದರ ಹಿಂದಿನ ತತ್ತ್ವ ಅಲ್ಪವಲ್ಲ. ಮೈಮುರಿದು ಆಡುವವನ ಮನೆಯಲ್ಲಿ ಒಲೆ ಆರಬಾರದು ಎಂಬುದೇ ಆ ತತ್ತ್ವ. ಮುಂದೆ ಈ ಆಟದ ಕ್ಲಬ್ಬುಗಳಿಗೆ ಒದಗಿದ ಒಂದೊಂದು ಆಪತ್ತಿನಲ್ಲೂ ಈ ತತ್ತ್ವಕ್ಕೇ ಪರೀಕ್ಷೆ ಬಂದಿದೆ.

ಒಂದು ಕ್ಲಬ್ಬಿನ ಗೃಹಕೃತ್ಯ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ಆದಾಯದ ಬಾಗಿಲುಗಳು ನಾಲ್ಕೈದು. ಪಂದ್ಯದ ದಿನ ಗೇಟಿನಲ್ಲಿ ಬರುವ ಹಣ. ಋತುವಿಗೆ ಮುಂಚೆಯೇ ಇಡೀ ವರ್ಷದ ಪಂದ್ಯಗಳಿಗೆಂದು ಮಾರುವ ಟಿಕೇಟಿನ ಹಣ. ಅಂಗಣದ ಊಟ-ಪಾನೀಯದ ವ್ಯಾಪಾರ. ಅಂಗಿಯ ಮೇಲೆ ಹೆಸರು ಹಾಕಿಸಿಕೊಳ್ಳುವ ವ್ಯಾಪಾರಿಗಳು ಕೊಡುವುದು. ಇತ್ತೀಚಿನ ದಶಕಗಳಲ್ಲಿ ದೂರದರ್ಶನ ಸಂಸ್ಥೆಯಿಂದ ಲೀಗಿನ ಮೂಲಕ ಹಂಚಿಕೆಯಾಗಿ ಬರುವ ಪಾಲು. ಖರ್ಚಿನಲ್ಲಿ ದೊಡ್ಡದು ಆಟಗಾರರ ಸಂಬಳ. ಮಳೆ ಬರಲಿ, ಪಂದ್ಯ ನಿಲ್ಲಲಿ, ಸಂಬಳದ ದಿನ ಮಾತ್ರ ತಪ್ಪದೆ ಬರುತ್ತದೆ. ಋತು ಟಿಕೇಟಿನ ಹಣ ಚಳಿಗಾಲದಲ್ಲಿ ಒಮ್ಮೆಗೇ ಬಂದು ಪಂದ್ಯ ಮುಗಿಯುವ ಮೊದಲೇ ಕರಗಿರುತ್ತದೆ. ಹೀಗೆ ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಲ್ಲಿ ಹೋಗುವ ಸಂಸಾರದಲ್ಲಿ ಕಷ್ಟಕಾಲಕ್ಕೆಂದು ಕೂಡಿಟ್ಟ ಗಂಟು ಇರುವುದು ಅಪೂರ್ವ.

ಏಕೆ ಕೂಡಿಡಬಾರದು ಎಂದು ತಾವು ಕೇಳಬಹುದು. ಕಾರಣ ಆಟದ ಏರ್ಪಾಟಿನಲ್ಲಿಯೇ ಇದೆ. ಮೇಲಿನ ದರ್ಜೆಯ ಲೀಗಿನಲ್ಲಿದ್ದರೆ ದೂರದರ್ಶನದ ದೊಡ್ಡ ಪಾಲು. ಕೆಳಗೆ ಜಾರಿದರೆ ಆ ಪಾಲು ಕುಸಿಯುತ್ತದೆ. ಜಾರುವ ಭಯದಿಂದ ಕ್ಲಬ್ಬು ತನ್ನ ಶಕ್ತಿ ಮೀರಿ ಒಳ್ಳೆಯ ಆಟಗಾರರನ್ನು ಕೊಳ್ಳುತ್ತದೆ. ಪಕ್ಕದ ಊರಿನವರೂ ಹಾಗೆಯೇ ಮಾಡುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆಯನ್ನೇ ನಿಯಮವಾಗಿ ಬರೆದಂತೆ, ಈ ಆಟದವರು 1990ರ ದಶಕದ ಕೊನೆಯಲ್ಲಿ ಒಟ್ಟು ಸಂಬಳಕ್ಕೆ ಒಂದು ಮಿತಿ ಹಾಕಿದರು. 2020ರಲ್ಲಿ ಸೂಪರ್ ಲೀಗ್ ಎಂಬ ಮೇಲು ದರ್ಜೆಯ ಕ್ಲಬ್ಬಿಗೆ ಆ ಮಿತಿ ವರ್ಷಕ್ಕೆ 21 ಲಕ್ಷ ಪೌಂಡು. ಕೆಲವು ಪ್ರಖ್ಯಾತ ಆಟಗಾರರಿಗೆ ಮಾತ್ರ ವಿನಾಯಿತಿ. ಆದರೆ ಮಿತಿ ಇರುವುದು ಹಾಸಿಗೆಯ ಅಳತೆಗೆ. ಹಾಸಿಗೆ ಯಾರದು, ಅದಕ್ಕೆ ಯಾರು ಹಣ ಕೊಟ್ಟರು ಎಂಬುದಕ್ಕಲ್ಲ. ಎಷ್ಟೋ ಕಡೆ ಒಬ್ಬ ಶ್ರೀಮಂತ ಮಾಲೀಕನ ಜೇಬೇ ಕ್ಲಬ್ಬಿನ ಖಜಾನೆ. ಅವನ ಉತ್ಸಾಹ ಇಳಿದರೆ ಖಜಾನೆಯೂ ಬರಿದು.

ಈಗ ಬ್ರಾಡ್‌ಫರ್ಡ್ ಎಂಬ ಊರಿಗೆ ಬರೋಣ. ಉಣ್ಣೆಯ ಗಿರಣಿಗಳಿಗೆ ಹೆಸರಾದ ಊರು. ಅಲ್ಲಿನ ಓಡ್‌ಸಾಲ್ ಅಂಗಣ ದೊಡ್ಡ ಬೋಗುಣಿಯಂತೆ ನೆಲದಲ್ಲಿ ತಗ್ಗಾಗಿರುವ ಬಯಲು. 1954ರ ಮೇ ತಿಂಗಳಲ್ಲಿ ಹ್ಯಾಲಿಫ್ಯಾಕ್ಸ್ ಮತ್ತು ವಾರಿಂಗ್‌ಟನ್ ತಂಡಗಳ ನಡುವಣ ಕಪ್ ಪಂದ್ಯವನ್ನು ಅಲ್ಲಿ ನೋಡಿದವರ ಅಧಿಕೃತ ಸಂಖ್ಯೆ 1,02,569. ಆ ಅಂಗಣದ ಒಡನಾಡಿ ಬ್ರಾಡ್‌ಫರ್ಡ್ ನಾರ್ದರ್ನ್ ತಂಡ 1947ರಿಂದ 1949ರವರೆಗೆ ಸತತ ಮೂರು ವರ್ಷ ವೆಂಬ್ಲಿಯ ಅಂತಿಮ ಪಂದ್ಯಕ್ಕೆ ಹೋಗಿದ್ದ ತಂಡ. ಆದರೆ ಕಾಲ ಬದಲಾಯಿತು. ಜನರಿಗೆ ಶನಿವಾರದ ಮಧ್ಯಾಹ್ನ ಕಳೆಯಲು ಬೇರೆ ದಾರಿಗಳು ತೆರೆದವು. ಮನೆಯ ಕೋಣೆಗೆ ದೂರದರ್ಶನ ಬಂತು, ಬಾಗಿಲಿಗೆ ಮೋಟಾರು ಬಂತು. ತಂಡ ಸೋಲತೊಡಗಿತು, ಸೋಲುವ ತಂಡವನ್ನು ಜನ ಬಿಟ್ಟರು, ಜನ ಬಿಟ್ಟದ್ದರಿಂದ ಒಳ್ಳೆಯ ಆಟಗಾರರನ್ನು ಮಾರಬೇಕಾಯಿತು, ಮಾರಿದ್ದರಿಂದ ತಂಡ ಮತ್ತೂ ಸೋತಿತು. 1963ರ ನವೆಂಬರಿನಲ್ಲಿ ಬ್ಯಾರೋ ತಂಡದ ಎದುರು ಅದೇ ಓಡ್‌ಸಾಲಿನಲ್ಲಿ ಆಡಿದಾಗ ನೋಡಬಂದವರು 324 ಜನ. ಒಂದು ಲಕ್ಷದ ಬೋಗುಣಿಯಲ್ಲಿ ಮುನ್ನೂರ ಇಪ್ಪತ್ತನಾಲ್ಕು! ಮರು ತಿಂಗಳು ಕ್ಲಬ್ಬು ಬಾಗಿಲು ಮುಚ್ಚಿತು. ಆ ಋತುವಿನಲ್ಲಿ ಅದು ಆಡಿದ್ದ ಪಂದ್ಯಗಳ ಫಲಿತಾಂಶವನ್ನೇ ಪಟ್ಟಿಯಿಂದ ಅಳಿಸಿಹಾಕಿದರು.

ಆದರೆ ಊರಿನವರಿಗೆ ತಮ್ಮದು ಹೋಯಿತು ಎಂಬ ಅರಿವು ಮೂಡಿದ್ದು ಹೋದ ಮೇಲೆ. ತಂಡದ ಹಳೆಯ ವೀರ, ವೇಲ್ಸಿನಿಂದ ಬಂದು ಬ್ರಾಡ್‌ಫರ್ಡಿನವನೇ ಆಗಿಬಿಟ್ಟಿದ್ದ ಟ್ರೆವರ್ ಫಾಸ್ಟರ್, ಹಳೆಯ ಜೊತೆಗಾರ ಜೋ ಫಿಲಿಪ್ಸ್ ಮೊದಲಾದವರು ಮುಂದೆ ಬಂದು ಸಭೆ ಕರೆದರು. ಹನಿಗೂಡಿ ಹಳ್ಳವಾಯಿತು. 1964ರ ಋತುವಿಗೆ ಹೊಸ ಕಂಪೆನಿ, ಹೊಸ ತಂಡ, ಅದೇ ಹೆಸರು. ಮೊದಲ ಪಂದ್ಯ ನೋಡಲು ಸಾವಿರಾರು ಜನ ನೆರೆದರು. ಹಿಂದಿನ ವರ್ಷ ಅವರೆಲ್ಲ ಎಲ್ಲಿದ್ದರು ಎಂದು ಕೇಳುವುದು ಸುಲಭ. ಕಣ್ಣಿದ್ದಾಗ ಕಣ್ಣಿನ ಬೆಲೆ ತಿಳಿಯದು ಎಂಬುದು ಬ್ರಾಡ್‌ಫರ್ಡಿಗೆ ಮಾತ್ರ ಅನ್ವಯಿಸುವ ಮಾತಲ್ಲ.

ಆಪತ್ತು ಕ್ಲಬ್ಬಿನೊಳಗಿಂದ ಹುಟ್ಟದೆ ಊರಿನ ಬದುಕಿನಿಂದಲೇ ಹುಟ್ಟಿದ ಪ್ರಸಂಗವೂ ಉಂಟು. ಯಾರ್ಕ್‌ಷೈರಿನ ಫೆದರ್‌ಸ್ಟನ್ ಒಂದು ಪುಟ್ಟ ಗಣಿ ಊರು. ಗಣಿಯ ಬಾಯಿಗೆ ಬಗ್ಗಿ ಕೂಗಿದರೆ ಒಬ್ಬ ಆಟಗಾರ ಮೇಲೆ ಬರುತ್ತಾನೆ ಎಂದು ಅಂಥ ಊರುಗಳ ಬಗ್ಗೆ ತಮಾಷೆಯಾಗಿ ಹೇಳುತ್ತಿದ್ದರು. ಆ ಊರಿನ ತಂಡ 1967, 1973, 1983 ಹೀಗೆ ಮೂರು ಸಲ ದೇಶದ ದೊಡ್ಡ ಕಪ್ಪನ್ನು ಗೆದ್ದಿತು. ಮೂರನೆಯ ಗೆಲುವಿನ ಮರುವರ್ಷವೇ, 1984ರ ಮಾರ್ಚಿನಲ್ಲಿ, ಗಣಿ ಕೆಲಸಗಾರರ ಮುಷ್ಕರ ಆರಂಭವಾಯಿತು. ಒಂದು ವರ್ಷ ನಡೆದು ಸೋತಿತು. 1985ರಲ್ಲಿ ಊರಿನ ಆಕ್ಟನ್ ಹಾಲ್ ಗಣಿ ಮುಚ್ಚಿತು. ಆಟಗಾರನಿಗೂ ಪ್ರೇಕ್ಷಕನಿಗೂ ಅನ್ನವಿಕ್ಕುತ್ತಿದ್ದುದು ಒಂದೇ ಗಣಿ. ಅದು ನಿಂತಾಗ ಗೇಟಿನಲ್ಲಿ ಟಿಕೇಟು ಕೊಳ್ಳುವವನ ಜೇಬೂ ಬರಿದಾಯಿತು. ಇಂಥ ಹೊತ್ತಿನಲ್ಲಿ ಕ್ಲಬ್ಬಿನ ಲೆಕ್ಕಿಗ ಎಷ್ಟು ಜಾಣನಾದರೇನು?

ಹತ್ತು ವರ್ಷ ಕಳೆದ ಮೇಲೆ, 1995ರ ಏಪ್ರಿಲಿನಲ್ಲಿ, ದೂರದರ್ಶನದ ಹಣ ಎಂಬ ಮಹಾಪೂರ ಬಂತು. ರೂಪರ್ಟ್ ಮರ್ಡೋಕರ ಸಂಸ್ಥೆ ಐದು ವರ್ಷಗಳಿಗೆ ಕೊಡಲೊಪ್ಪಿದ ಮೊತ್ತ ಮಾತುಕತೆಯ ಕೊನೆಗೆ 8 ಕೋಟಿ 70 ಲಕ್ಷ ಪೌಂಡು. ಸಾಲದಲ್ಲಿ ಮುಳುಗಿದ್ದ ಕ್ಲಬ್ಬುಗಳಿಗೆ ಅದು ಕೈಹಿಡಿದ ಹಲಗೆ. ಆದರೆ ಹಣದ ಜೊತೆಗೆ ಷರತ್ತುಗಳೂ ಬಂದವು. ನೂರು ವರ್ಷ ಚಳಿಗಾಲದಲ್ಲಿ ಆಡಿದ ಆಟ ಬೇಸಿಗೆಗೆ ಹೋಗಬೇಕು. ಅಕ್ಕಪಕ್ಕದ ಕ್ಲಬ್ಬುಗಳು ಒಂದಾಗಬೇಕು. ಫೆದರ್‌ಸ್ಟನ್, ಕ್ಯಾಸಲ್‌ಫರ್ಡ್, ವೇಕ್‌ಫೀಲ್ಡ್ ಮೂರನ್ನೂ ಕೂಡಿಸಿ ಕಾಲ್ಡರ್ ಎಂದು ಹೆಸರಿಡುವುದು ಎಂಬುದು ಒಂದು ಸಲಹೆ. ಲೆಕ್ಕದ ಪುಸ್ತಕದಲ್ಲಿ ಅದು ಸರಿಯೇ ಇದ್ದಿರಬಹುದು. ಆದರೆ ತಲೆಮಾರುಗಳಿಂದ ಒಬ್ಬರನ್ನೊಬ್ಬರು ಸೋಲಿಸುವುದೇ ಹಬ್ಬವಾಗಿದ್ದ ಮೂರು ಊರುಗಳಿಗೆ ಇನ್ನು ಮುಂದೆ ನೀವೆಲ್ಲ ಒಂದೇ ಎಂದು ಹೇಳುವುದು ಹೇಗೆ? ಜನ ಬೀದಿಗಿಳಿದರು. ಕೂಡಿಕೆಯ ಯೋಜನೆ ಬಿದ್ದುಹೋಯಿತು. ಬೇಸಿಗೆಯ ಆಟ ಉಳಿಯಿತು, 1996ರಿಂದ ಸೂಪರ್ ಲೀಗ್ ನಡೆಯತೊಡಗಿತು. ಫೆದರ್‌ಸ್ಟನ್ ತನ್ನ ಹೆಸರನ್ನು ಉಳಿಸಿಕೊಂಡಿತು. ಮೇಲಿನ ದರ್ಜೆಯಲ್ಲಿ ಸ್ಥಾನ ಮಾತ್ರ ಅದಕ್ಕೆ ದಕ್ಕಲಿಲ್ಲ. ಹೆಸರು ಬೇಕೋ ಹಣ ಬೇಕೋ ಎಂದು ಕೇಳಿದಾಗ ಊರು ಹೆಸರನ್ನು ಆರಿಸಿಕೊಂಡಿತು; ಅದರ ಬೆಲೆಯನ್ನೂ ತೆತ್ತಿತು.

ಕಷ್ಟಕಾಲದಲ್ಲಿ ಕ್ಲಬ್ಬುಗಳು ಹಿಡಿದ ಇನ್ನೊಂದು ದಾರಿ ಅಂಗಣವನ್ನು ಮಾರುವುದು. ಸ್ವಿಂಟನ್ ಕ್ಲಬ್ಬಿಗೆ ಸ್ಟೇಷನ್ ರೋಡ್ ಎಂಬ ಹೆಸರಾಂತ ಅಂಗಣವಿತ್ತು. ಅಂತರರಾಷ್ಟ್ರೀಯ ಪಂದ್ಯಗಳು ನಡೆಯುತ್ತಿದ್ದ ಸ್ಥಳ. ಸಾಲ ತೀರಿಸಲು 1992ರಲ್ಲಿ ಅದನ್ನು ಮಾರಿದರು. ಅಲ್ಲಿ ಮನೆಗಳು ಎದ್ದವು. ಕ್ಲಬ್ಬು ಬದುಕಿತು, ಆದರೆ ಅಂದಿನಿಂದ ಪರರ ಅಂಗಣಗಳಲ್ಲಿ ಬಾಡಿಗೆಗೆ ಅಲೆಯುವ ಬಾಳು ಅದರದಾಯಿತು. ಬಿತ್ತನೆಯ ಬೀಜವನ್ನೇ ಕುಟ್ಟಿ ಉಂಡ ಒಕ್ಕಲಿನಂತೆ ಅಂದಿನ ಹಸಿವು ಹಿಂಗಿತು, ಮುಂದಿನ ಬೆಳೆ ಹೋಯಿತು.

ಸಮುದ್ರದಾಚೆಯ ಒಂದು ಉದಾಹರಣೆಯನ್ನೂ ನೋಡೋಣ. ಸಿಡ್ನಿಯ ಸೌತ್ ಸಿಡ್ನಿ 1908ರಲ್ಲಿ ಸ್ಥಾಪಿತವಾದ ಕ್ಲಬ್ಬು. ಆಸ್ಟ್ರೇಲಿಯದ ಲೀಗಿನಲ್ಲಿ ಇಪ್ಪತ್ತು ಬಾರಿ ಪ್ರಶಸ್ತಿ ಗೆದ್ದು ಯಾರಿಗೂ ಇಲ್ಲದ ದಾಖಲೆ ಸ್ಥಾಪಿಸಿತ್ತು. ಆದರೆ ತಂಡಗಳ ಸಂಖ್ಯೆಯನ್ನು ಹದಿನಾಲ್ಕಕ್ಕೆ ಇಳಿಸುವ ನಿರ್ಧಾರವಾದಾಗ ಹಣದಲ್ಲಿ ಸೊರಗಿದ್ದ ಅದನ್ನು 1999ರ ಅಕ್ಟೋಬರಿನಲ್ಲಿ ಹೊರಗೆ ಹಾಕಿದರು. ಅದರ ಅಭಿಮಾನಿಗಳು ಸುಮ್ಮನಿರಲಿಲ್ಲ. 2000ದ ನವೆಂಬರಿನಲ್ಲಿ ಸಿಡ್ನಿಯ ಬೀದಿಗಳಲ್ಲಿ ಸುಮಾರು 80 ಸಾವಿರ ಜನ ಮೆರವಣಿಗೆ ಹೊರಟರು. ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2001ರ ಜುಲೈಯಲ್ಲಿ ತೀರ್ಪು ಅವರ ಪರವಾಗಿ ಬಂತು. 2002ರಲ್ಲಿ ತಂಡ ಮತ್ತೆ ಆಡಿತು. ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಆದರೆ ಬೀದಿಯಲ್ಲಿ ಗೆದ್ದದ್ದನ್ನು ಲೆಕ್ಕದ ಪುಸ್ತಕ ಒಪ್ಪಲಿಲ್ಲ. ತಂಡ ಸೋಲುತ್ತಲೇ ಇತ್ತು. 2006ರಲ್ಲಿ ಅದೇ ಸದಸ್ಯರು ಮತ ಹಾಕಿ ಕ್ಲಬ್ಬಿನ ಮುಕ್ಕಾಲು ಪಾಲನ್ನು ನಟ ರಸೆಲ್ ಕ್ರೋ ಮತ್ತು ಅವರ ಪಾಲುದಾರರಿಗೆ ಕೊಟ್ಟರು. 2014ರಲ್ಲಿ ತಂಡ ಪ್ರಶಸ್ತಿಯನ್ನೂ ಗೆದ್ದಿತು. ಪ್ರೀತಿ ಕ್ಲಬ್ಬನ್ನು ಸಾವಿನಿಂದ ಎಳೆದು ತಂದಿತು. ಅದನ್ನು ಸಾಕಲು ಬೇರೆಯವರ ಹಣ ಬೇಕಾಯಿತು.

ಇಷ್ಟು ಹಿನ್ನೆಲೆಯೊಡನೆ 2020ಕ್ಕೆ ಮರಳೋಣ. ಕೊರೊನಾ ವ್ಯಾಧಿ ಹಬ್ಬಿದಾಗ ಮಾರ್ಚ್ 16ರಂದು ಇಂಗ್ಲೆಂಡಿನ ಆಟ ನಿಂತಿತು. ಹಿಂದಿನ ಆಪತ್ತುಗಳು ಒಂದು ಕ್ಲಬ್ಬಿಗೆ, ಒಂದು ಊರಿಗೆ ಬಂದವು. ಒಬ್ಬ ಬಿದ್ದರೆ ಇನ್ನೊಬ್ಬ ಎತ್ತಬಹುದಿತ್ತು. ಈ ಸಲ ಎಲ್ಲರ ಗೇಟೂ ಒಂದೇ ದಿನ ಮುಚ್ಚಿತು. ಕೆಲಸವಿಲ್ಲದ ನೌಕರರಿಗೆ ಸಂಬಳದ ನೂರಕ್ಕೆ 80ರಷ್ಟನ್ನು, ತಿಂಗಳಿಗೆ 2,500 ಪೌಂಡು ಮೀರದಂತೆ, ಸರ್ಕಾರವೇ ಕೊಡುವ ಏರ್ಪಾಟನ್ನು ಬ್ರಿಟನ್ ಮಾಡಿತು. ಕ್ಲಬ್ಬುಗಳು ಆಟಗಾರರನ್ನೂ ಕಚೇರಿಯವರನ್ನೂ ಆ ಏರ್ಪಾಟಿಗೆ ಸೇರಿಸಿದವು. ಹಲವರು ಸಂಬಳದಲ್ಲಿ ಕಡಿತಕ್ಕೆ ಒಪ್ಪಿದರು. ಮೇ 1ರಂದು ಸರ್ಕಾರ ರಗ್ಬಿ ಲೀಗಿಗೆ 1 ಕೋಟಿ 60 ಲಕ್ಷ ಪೌಂಡುಗಳ ನೆರವನ್ನು ಘೋಷಿಸಿತು. ನವೆಂಬರಿನಲ್ಲಿ ಮತ್ತೆ 1 ಕೋಟಿ 20 ಲಕ್ಷ. ಮೇ ತಿಂಗಳ ಆ ಹಣ ದಾನವಾಗಿರಲಿಲ್ಲ, ಸಾಲವಾಗಿತ್ತು. 1895ರಲ್ಲಿ ಕೆಲಸ ಬಿಟ್ಟು ಆಡಿದವನ ಕೂಲಿಯನ್ನು ಕ್ಲಬ್ಬು ತುಂಬಿಕೊಡಬೇಕೇ ಎಂದು ವಾದವಾಗಿತ್ತು. ನೂರ ಇಪ್ಪತ್ತೈದು ವರ್ಷದ ತರುವಾಯ ಆಡಲಾಗದೆ ಕುಳಿತವನ ಕೂಲಿಯನ್ನು ದೇಶದ ಬೊಕ್ಕಸ ತುಂಬಿಕೊಟ್ಟಿತು. ಆರು ಷಿಲಿಂಗಿನ ಪ್ರಶ್ನೆ ಎಷ್ಟು ದೂರ ನಡೆದು ಬಂದಿತು ನೋಡಿ!

ಆಟ ಮರಳಿದ್ದು ಆಗಸ್ಟಿನಲ್ಲಿ. ಖರ್ಚು ಉಳಿಸಲು ಒಂದೇ ಅಂಗಣದಲ್ಲಿ ದಿನಕ್ಕೆ ಎರಡೆರಡು ಪಂದ್ಯ. ಮೈಗೆ ಮೈ ತಾಗುವುದನ್ನು ತಗ್ಗಿಸಲು ಸ್ಕ್ರಮ್ ಎಂಬ ಗುಂಪು ತಳ್ಳಾಟವನ್ನೇ ಕೈಬಿಟ್ಟರು. ಕೆಳಗಿನ ಎರಡು ದರ್ಜೆಗಳ ಋತು ಮಾತ್ರ ರದ್ದಾಯಿತು. ಆ ದರ್ಜೆಯ ಕ್ಲಬ್ಬುಗಳಿಗೆ ಗೇಟಿನ ಹಣವೇ ಜೀವ. ಪ್ರೇಕ್ಷಕರಿಲ್ಲದೆ ಆಡಿದರೆ ಪ್ರತಿ ಪಂದ್ಯವೂ ನಷ್ಟ. ಆಡುವುದಕ್ಕಿಂತ ಆಡದಿರುವುದೇ ಅಗ್ಗ ಎಂಬ ವಿಚಿತ್ರ ಸ್ಥಿತಿ. ಅಲ್ಲಿನ ಬಹುಮಂದಿ ಆಟಗಾರರು ಹಗಲು ಬೇರೆ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುವವರು. 1895ರ ಆ ಗಿರಣಿಯವನ ನೇರ ವಂಶಸ್ಥರು.

ಆಸ್ಟ್ರೇಲಿಯದ ಲೀಗು ಇಂಗ್ಲೆಂಡಿನದಕ್ಕಿಂತ ಬಹಳ ಸಿರಿವಂತ. ಅದು ಮಾರ್ಚ್ 23ರಂದು ನಿಂತಿತು. ನಿಂತ ಮೇಲೆ ಗೊತ್ತಾಯಿತು, ಅಷ್ಟು ವರ್ಷ ಹರಿದುಬಂದ ದೂರದರ್ಶನದ ಹಣದಲ್ಲಿ ಆಪತ್ತಿಗೆಂದು ಉಳಿಸಿದ್ದು ಬಹಳ ಕಡಿಮೆಯೆಂದು. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು. ಇಲ್ಲಿ ಕುಡಿಕೆಯೇ ತುಂಬಿರಲಿಲ್ಲ. ಹಾಗಾಗಿ ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಆಡಲೇಬೇಕೆಂದು ಅದರ ಅಧ್ಯಕ್ಷ ಪೀಟರ್ ವ್ಲಾಂಡಿಸ್ ಹಟ ಹಿಡಿದರು. ಮೇ 28ರಂದು ಆಟ ಮರಳಿತು. ಇದರ ಭಾರ ಹೆಚ್ಚಾಗಿ ಬಿದ್ದದ್ದು ನ್ಯೂಜಿಲೆಂಡಿನ ವಾರಿಯರ್ಸ್ ತಂಡದ ಮೇಲೆ. ಗಡಿಗಳು ಮುಚ್ಚಿದ್ದರಿಂದ ಆ ತಂಡ ಸ್ವದೇಶ ಬಿಟ್ಟು ಆಸ್ಟ್ರೇಲಿಯದಲ್ಲಿ ಬಿಡಾರ ಹೂಡಬೇಕಾಯಿತು. ಲೀಗು ಉಳಿಯಲೆಂದು ಅವರು ಊರು ಬಿಟ್ಟರು. ಆಕ್ಲೆಂಡಿನ ತಮ್ಮ ಅಂಗಣದಲ್ಲಿ ಅವರು ಮತ್ತೆ ಆಡಿದ್ದು 2022ರ ಜುಲೈ 3ರಂದು. ಹಡೆದ ಮಕ್ಕಳ ಮುಖ ನೋಡದೆ ತಿಂಗಳುಗಟ್ಟಲೆ ಇದ್ದವರ ತ್ಯಾಗಕ್ಕೆ ಆಯವ್ಯಯ ಪಟ್ಟಿಯಲ್ಲಿ ಯಾವ ಅಂಕಣವಿದೆ?

ಕೆನಡದ ಟೊರಾಂಟೊ ತಂಡದ ಗತಿ ಬೇರೆಯಾಯಿತು. ಒಬ್ಬ ಧನಿಕನ ಬೆಂಬಲದಿಂದ 2017ರಲ್ಲಿ ಆಡತೊಡಗಿ, ಮೂರೇ ವರ್ಷದಲ್ಲಿ ಮೇಲಿನ ದರ್ಜೆಗೇರಿ, ಸೋನಿ ಬಿಲ್ ವಿಲಿಯಮ್ಸ್ ಎಂಬ ಜಗದ್ವಿಖ್ಯಾತ ಆಟಗಾರನನ್ನು ಕರೆಸಿಕೊಂಡಿದ್ದ ತಂಡ ಅದು. 2020ರ ಜುಲೈ 20ರಂದು ಋತುವಿನ ಮಧ್ಯೆಯೇ ಅದು ಹಿಂದೆ ಸರಿಯಿತು. ಆಟಗಾರರ ಸಂಬಳ ನಿಂತಿತ್ತು. ಮರುಪ್ರವೇಶದ ಬೇಡಿಕೆಯನ್ನು ಉಳಿದ ಕ್ಲಬ್ಬುಗಳು ಮತ ಹಾಕಿ ನಿರಾಕರಿಸಿದವು. ಬೇರಿಗಿಂತ ಮೊದಲು ಕೊಂಬೆ ಬೆಳೆದ ಮರ ಮೊದಲ ಬಿರುಗಾಳಿಗೆ ಉರುಳಿತು.

ಬೇರಿದ್ದ ಮರಗಳನ್ನು ಉಳಿಸಿದ್ದು ಯಾವುದು? ಸರ್ಕಾರದ ಸಾಲ ನಿಜ, ದೂರದರ್ಶನದ ಹಣವೂ ನಿಜ. ಅದರ ಜೊತೆಗೆ ಇನ್ನೊಂದಿದೆ. ಋತು ಟಿಕೇಟು ಕೊಂಡವರಿಗೆ ನೋಡಲು ಪಂದ್ಯವೇ ಇಲ್ಲದಾಗ ಹಣ ವಾಪಸು ಕೇಳುವ ಹಕ್ಕಿತ್ತು. ಎಲ್ಲರೂ ಕೇಳಿದ್ದರೆ ಎಷ್ಟೋ ಕ್ಲಬ್ಬುಗಳು ಆ ಬೇಸಿಗೆಯಲ್ಲೇ ಮುಗಿಯುತ್ತಿದ್ದವು. ಬಹಳ ಜನ ಕೇಳಲಿಲ್ಲ. ಅವರಲ್ಲಿ ತಾವೇ ಕೆಲಸ ಕಳೆದುಕೊಂಡವರೂ ಇದ್ದಿರಬೇಕು. ಇದನ್ನು ದಾನವೆನ್ನೋಣವೇ, ಸಾಲವೆನ್ನೋಣವೇ? ಮನೆಯ ಹಿರಿಯರ ಔಷಧಿಗೆ ಕೊಟ್ಟ ಹಣವನ್ನು ಯಾರೂ ಲೆಕ್ಕ ಬರೆದಿಡುವುದಿಲ್ಲ. ಇದೂ ಹಾಗೆಯೇ.

ಆದರೆ ಈ ಪ್ರೀತಿಯನ್ನು ಹೊಗಳಿ ಮಾತು ಮುಗಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಮತ್ತೆ ಬ್ರಾಡ್‌ಫರ್ಡನ್ನೇ ನೋಡಿ. ಬುಲ್ಸ್ ಎಂಬ ಹೊಸ ಹೆಸರಿನಲ್ಲಿ ಅದು 1997ರಿಂದ 2005ರೊಳಗೆ ನಾಲ್ಕು ಬಾರಿ ಸೂಪರ್ ಲೀಗ್ ಗೆದ್ದು ಆಟದ ಶಿಖರದಲ್ಲಿತ್ತು. 2012ರಲ್ಲಿ ಬದುಕಲು 10 ಲಕ್ಷ ಪೌಂಡು ಬೇಕೆಂದು ಊರಿನ ಮುಂದೆ ಸೆರಗೊಡ್ಡಿತು. ಊರು ಕೊಟ್ಟಿತು. ಬೇರೆ ಊರಿನ ಅಭಿಮಾನಿಗಳೂ ಕೊಟ್ಟರು. ಆದರೂ ಆ ಜೂನಿನಲ್ಲೇ ಕ್ಲಬ್ಬು ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು; 2014ರಲ್ಲಿ ಮತ್ತೊಮ್ಮೆ, 2016ರಲ್ಲಿ ಇನ್ನೊಮ್ಮೆ. 2017ರ ಜನವರಿಯಲ್ಲಿ ಕಂಪೆನಿಯನ್ನೇ ಮುಚ್ಚಲಾಯಿತು. ಅದರ ಜಾಗದಲ್ಲಿ ಹೊಸ ಕಂಪೆನಿ ಹನ್ನೆರಡು ಅಂಕಗಳ ದಂಡ ಹೊತ್ತು ಕೆಳಗಿನ ದರ್ಜೆಯಲ್ಲಿ ಆರಂಭಿಸಿತು. ಮೊದಲ ಸಲ ಜೋಳಿಗೆಗೆ ಹಾಕಿದ ಅಭಿಮಾನಿಯ ಹಣ ಏನಾಯಿತು? ತೂತಿನ ಕೊಡಕ್ಕೆ ಸುರಿದ ನೀರಾಯಿತು. ನೀರು ಸುರಿದವನ ತಪ್ಪಲ್ಲ. ಕೊಡವನ್ನು ಮೊದಲು ತೋರಿಸಲಿಲ್ಲ, ಅದು ತಪ್ಪು.

2025ರಲ್ಲಿ ಇದೇ ಪಾಠವನ್ನು ಸಾಲ್ಫರ್ಡ್ ಕಲಿಯಿತು. ಹಣದ ಮುಗ್ಗಟ್ಟಿನಲ್ಲಿದ್ದ ಆ ಕ್ಲಬ್ಬಿಗೆ ಫೆಬ್ರವರಿಯಲ್ಲಿ ಹೊಸ ಮಾಲೀಕರು ಬಂದರು; ಭರವಸೆಗಳು ಬಂದವು; ಹಣ ಮಾತ್ರ ಹೊತ್ತಿಗೆ ಬರಲಿಲ್ಲ. ಸಂಬಳದ ಮಿತಿಯ ಕಟ್ಟಳೆಯಿಂದಾಗಿ ಋತುವಿನ ಮೊದಲ ಪಂದ್ಯಕ್ಕೆ ಎಳೆಯರ ತಂಡವನ್ನು ಇಳಿಸಬೇಕಾಯಿತು. ಸೇಂಟ್ ಹೆಲೆನ್ಸ್ ಎದುರು 82–0 ಸೋಲು. ಹಾಗೆ ಹೊಡೆತ ತಿಂದ ಆ ಹುಡುಗರ ಅಪರಾಧವೇನಿತ್ತು? ಆಟಗಾರರ ಸಂಬಳ ತಡವಾಗುತ್ತ ಹೋಯಿತು, ಒಬ್ಬೊಬ್ಬರಾಗಿ ಬಿಟ್ಟುಹೋದರು. ತೆರಿಗೆಯ ಬಾಕಿಗಾಗಿ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆದು, ವರ್ಷದ ಕೊನೆಗೆ ಆ ಕಂಪೆನಿಯನ್ನು ಮುಚ್ಚಲು ಆಜ್ಞೆಯಾಯಿತು. ಅದೇ ಹೊತ್ತಿಗೆ 2026ರ ಸೂಪರ್ ಲೀಗಿಗೆ ಆಯ್ಕೆಯಾದ ತಂಡಗಳ ಪಟ್ಟಿಯಲ್ಲಿ ಬ್ರಾಡ್‌ಫರ್ಡಿನ ಹೆಸರು ಹನ್ನೊಂದು ವರ್ಷಗಳ ತರುವಾಯ ಮತ್ತೆ ಕಾಣಿಸಿತು. ಒಂದು ದೀಪ ಆರಿದ ವರ್ಷವೇ ಇನ್ನೊಂದು ಹತ್ತಿತು.

ಇವೆಲ್ಲವುಗಳಿಂದ ನಾವು ಕಾಣುವುದೇನು? ಕ್ಲಬ್ಬು ಎಂಬುದಕ್ಕೆ ಎರಡು ಒಡಲು. ಒಂದು ಕಂಪೆನಿ, ಅದಕ್ಕೆ ಮಾಲೀಕರು, ಸಾಲ, ತೆರಿಗೆ, ಸಾವು ಎಲ್ಲವೂ ಇವೆ. ಇನ್ನೊಂದು ಊರಿನ ನೆನಪು, ಅದಕ್ಕೆ ದಿವಾಳಿಯಿಲ್ಲ. 1963ರಲ್ಲಿ ಸತ್ತ ಬ್ರಾಡ್‌ಫರ್ಡ್ 1964ರಲ್ಲಿ ಎದ್ದದ್ದು ಈ ಎರಡನೆಯ ಒಡಲಿನ ಬಲದಿಂದ. ಆದರೆ ನೆನಪು ಅಮರ ಎಂಬ ಧೈರ್ಯದಿಂದಲೇ ಕೆಲವರು ಕಂಪೆನಿಯನ್ನು ಹೇಗೆ ಬೇಕಾದರೂ ನಡೆಸುತ್ತಾರೆ. ಹೇಗಿದ್ದರೂ ಊರಿನವರು ಕೈಬಿಡುವುದಿಲ್ಲ ಎಂಬ ನಂಬಿಕೆ ಅವರದು. ಊರಿನ ಪ್ರೀತಿಯನ್ನು ಬಡ್ಡಿಯಿಲ್ಲದ ಸಾಲವೆಂದು ಬಗೆಯುವ ಈ ಬುದ್ಧಿ ವ್ಯಾಧಿಗಿಂತ, ಮುಷ್ಕರಕ್ಕಿಂತ ಅಪಾಯಕರ. ವ್ಯಾಧಿ ಬಂದು ಹೋಗುತ್ತದೆ. 2020ರ ಆ ದೊಡ್ಡ ಆಪತ್ತಿನಲ್ಲಿ ಇಂಗ್ಲೆಂಡಿನ ಮೇಲು ದರ್ಜೆಯ ಕ್ಲಬ್ಬುಗಳು ಮುಚ್ಚದೆ ಉಳಿದವು. ಆದರೆ ಸಾಲ ಉಳಿಯಿತು. ವರ್ಷಕ್ಕೆ ಸುಮಾರು 4 ಕೋಟಿ ಪೌಂಡು ಬರುತ್ತಿದ್ದ ದೂರದರ್ಶನದ ಒಪ್ಪಂದ 2022ರಿಂದ ಸುಮಾರು ಎರಡೂವರೆ ಕೋಟಿಗೆ ಇಳಿಯಿತು. ಆಪತ್ತಿನ ನಿಜವಾದ ಲೆಕ್ಕ ಆಪತ್ತು ಮುಗಿದ ಮೇಲೆ ಬರುತ್ತದೆ.

ಪ್ರೀತಿ ಒಂದು ಸಲ ಉಳಿಸಬಲ್ಲದು. ಪ್ರತಿ ಸಲವೂ ಉಳಿಯಬೇಕಾದರೆ ಪ್ರಾಮಾಣಿಕವಾದ ಲೆಕ್ಕ ಬೇಕು. ಆ ಲೆಕ್ಕವನ್ನು ಹಣ ಕೊಡುವ ಸಾಮಾನ್ಯನ ಕಣ್ಣ ಮುಂದೆ ಬಿಚ್ಚಿಡಬೇಕು. ಅದರ ಮೊದಲ ಸಾಲಿನಲ್ಲಿ ಏನು ಬರೆದಿರಬೇಕು ಎಂಬುದನ್ನು ಹಡರ್ಸ್‌ಫೀಲ್ಡಿನ ಆ ಹೋಟೆಲಿನಲ್ಲಿ ಕುಳಿತವರು ಎಂದೋ ತೀರ್ಮಾನಿಸಿದ್ದಾರೆ. ಇಂದು ಅಂಗಿಯ ಮೇಲಿನ ಹೆಸರು ಬದಲಾಗಿರಬಹುದು, ಮಾಲೀಕ ಬದಲಾಗಿರಬಹುದು, ಷಿಲಿಂಗಿನ ನಾಣ್ಯವೇ ಚಲಾವಣೆಯಿಂದ ಹೋಗಿದೆ. ಆದರೂ ಯಾವ ಕ್ಲಬ್ಬಾದರೂ ಸರಿ, ತಿಂಗಳ ಕೊನೆಯಲ್ಲಿ ಆಡಿದವನ ಕೈಗೆ ಅವನ ಆರು ಷಿಲಿಂಗು ಸೇರಿತೇ ಎಂದು ಕೇಳಿ. ಸೇರಿತು ಎಂದಾದರೆ ಆ ಕ್ಲಬ್ಬು ಇನ್ನೂ ಬದುಕಿದೆ.